ಕೊನೆ ಕಂತಿನ ತಕರಾರು

ಮನೆಮಂದಿ ಗುಂಪು, ಭಾನುವಾರ ರಾತ್ರಿ

ತಮ್ಮ: ಈ ವಿಡಿಯೋ ನೋಡಿ. ಮಾರ್ವೆಲ್ ಸೀರೀಸ್‌ಗಳ ಕೊನೆ ಕಂತುಗಳನ್ನು ಪಕ್ಕಪಕ್ಕ ಜೋಡಿಸಿದ್ದಾರೆ. ವಾಂಡಾವಿಷನ್, ಮೂನ್ ನೈಟ್, ಯಾವುದೇ ಇರಲಿ, ಕೊನೆಗೆ ಬೆಳಕು ಚಿಮ್ಮಿಸಿಕೊಂಡು ಹೊಡೆದಾಟ.

ಶಿರಸಿ ಅಪ್ಪಚ್ಚಿ: ಅದರಲ್ಲೇನು ತಪ್ಪು ತಮಾ? ಯಕ್ಷಗಾನದ ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುವುದು ಎಲ್ಲರಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂತು ನೋಡುವುದಿಲ್ವಾ?

ನಾನು: ಅಪ್ಪಚ್ಚಿ, ಕೊನೆ ಮೊದಲೇ ಗೊತ್ತಿರುವುದು ನನ್ನ ತಕರಾರಲ್ಲ. ಕೌರವ ಬಿದ್ದ ಮೇಲೂ ಸುಮ್ಮನಾಗುವುದಿಲ್ಲ. ಸೊಂಟದ ಕೆಳಗೆ ಹೊಡೆದದ್ದು ಧರ್ಮವಾ ಅಂತ ಕೃಷ್ಣನನ್ನೇ ಕೇಳುತ್ತಾನೆ. ಕಥೆ ಉದ್ದಕ್ಕೂ ಕೇಳುತ್ತಾ ಬಂದದ್ದೇ ಅದು. 2021ರ ವಾಂಡಾವಿಷನ್‌ನಲ್ಲಿ ಹಾಗಲ್ಲ. ಮಾಯಾಶಕ್ತಿ ಇರುವ ವಾಂಡಾಳ ಪ್ರಿಯಕರ, ಯಂತ್ರಮಾನವ ವಿಷನ್, ಸತ್ತಿದ್ದಾನೆ. ಸಂಕಟ ತಡೆಯಲಾಗದೆ ಅವಳು ಒಂದು ಊರನ್ನೇ ಹಳೇ ಟಿವಿ ಧಾರಾವಾಹಿಯ ಹಾಗೆ ಮಾಡಿಕೊಂಡು, ಮಾಯೆಯಿಂದ ಅವನನ್ನು ಮತ್ತೆ ಸೃಷ್ಟಿಸಿ ಸಂಸಾರ ಹೂಡುತ್ತಾಳೆ. ಮೊದಲ ಕಂತು ಕಪ್ಪು ಬಿಳುಪು. ಎಂಟು ಕಂತು ನಾನು ಅವಳ ದುಃಖದ ಜೊತೆ ಕೂತಿದ್ದೆ. ಒಂಬತ್ತನೆಯದರಲ್ಲಿ ಇಬ್ಬರು ಹೆಂಗಸರು ಆಕಾಶದಲ್ಲಿ ನಿಂತು ಕೆಂಪು, ನೇರಳೆ ಬೆಳಕಿನ ಉಂಡೆ ಎಸೆದಾಡುತ್ತಾರೆ. ದುಃಖಕ್ಕೂ ಅದಕ್ಕೂ ಏನು ಸಂಬಂಧ?

ತಮ್ಮ: ದುಡ್ಡು ಹಾಕಿದವರಿಗೆ ಕೊನೆಯಲ್ಲಿ ದೊಡ್ಡದೇನಾದರೂ ಬೇಕಲ್ವಾ? ಮೇಲಾಗಿ ವಾಂಡಾ 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾಕ್ಕೆ ಹೋಗಬೇಕಿತ್ತು. ಕಥೆ ಪೂರ್ತಿ ಮುಗಿಸುವ ಹಾಗೇ ಇರಲಿಲ್ಲ.

ನಾನು: ಅದೇ ಬೇಜಾರು. ಯಾಕೆಂದರೆ ಅದೇ ಕಂತಿನಲ್ಲಿ ಇಬ್ಬರು ವಿಷನ್‌ಗಳು, ಒಬ್ಬ ವಾಂಡಾ ಸೃಷ್ಟಿಸಿದವನು, ಇನ್ನೊಬ್ಬ ಸತ್ತವನ ಮೈಯನ್ನೇ ಮತ್ತೆ ಜೋಡಿಸಿ ಎಬ್ಬಿಸಿದವನು, ಹೊಡೆದಾಡುತ್ತಾ ಊರಿನ ಲೈಬ್ರರಿಗೆ ಬರುತ್ತಾರೆ. ಅಲ್ಲಿ ಕೈ ನಿಲ್ಲಿಸಿ ಮಾತಿಗಿಳಿಯುತ್ತಾರೆ. ಹಡಗಿನ ಹಲಗೆ ಕೊಳೆತ ಹಾಗೆಲ್ಲ ಒಂದೊಂದೇ ಬದಲಿಸುತ್ತಾ ಹೋದರೆ, ಕೊನೆಗೆ ಉಳಿಯುವುದು ಅದೇ ಹಡಗಾ? ಅವರ ಜಗಳ ಮಾತಿನಲ್ಲೇ ಮುಗಿಯುತ್ತದೆ. ನಮ್ಮ ತಾಳಮದ್ದಲೆಯೇ ಅದು! ಉಸಿರು ಬಿಗಿಹಿಡಿದು ನೋಡಿದೆ.

ಕಾರವಾರ ಅತ್ತೆ: ಬೈತಖೋಲ ಬಂದರಿನಲ್ಲಿ ಹಲಗೆ ಬದಲಿಸಿದ ದೋಣಿ ಎಷ್ಟು ಬೇಕು? ಹೆಸರು ಅದೇ, ಸಮುದ್ರಕ್ಕೆ ಹೋಗುವವರೂ ಅವರೇ. ಅದೇ ದೋಣಿ ಅಂತಲೇ ಹೇಳುತ್ತಾರೆ.

ಶಿರಸಿ ಅಪ್ಪಚ್ಚಿ: ತೆಗೆದ ಹಲಗೆಗಳನ್ನೆಲ್ಲ ಜೋಡಿಸಿ ಇನ್ನೊಂದು ದೋಣಿ ಮಾಡಿದರೆ? ಆಗ ಯಾವುದು ಅಸಲಿ?

ನಾನು: ಅಪ್ಪಚ್ಚಿ! ಅವರ ಎರಡನೇ ಪ್ರಶ್ನೆಯೂ ಅದೇ!

ತಮ್ಮ: ಮಾತಿನ ಕೊನೆ ಎಲ್ಲರಿಗೂ ಹಿಡಿಸುವುದಿಲ್ಲ ಅಕ್ಕ. ಮಾರ್ವೆಲ್‌ನದೇ ಇನ್ನೊಂದು ಸೀರೀಸ್ ಲೋಕಿ, ಅದರ ಮೊದಲ ಸೀಸನ್ ಕೊನೆಯಲ್ಲಿ ಒಬ್ಬ ಮೇಜಿನ ಹಿಂದೆ ಕೂತು ಮಾತಾಡಿದ್ದೇ ಮಾತಾಡಿದ್ದು. ನನಗೆ ನಿದ್ದೆ ಬಂತು.

ನಾನು: ಎರಡನೇ ಸೀಸನ್ ಕೊನೆ ನೋಡಿದ್ದೀಯಾ? 2023ರದ್ದು. ಸಿಂಹಾಸನಕ್ಕೆ ಆಸೆಪಟ್ಟು ಅಷ್ಟೆಲ್ಲ ಕೆಡುಕು ಮಾಡಿದ ಲೋಕಿಗೆ ಕೊನೆಗೂ ಸಿಂಹಾಸನ ಸಿಗುತ್ತದೆ. ಆದರೆ ಸುತ್ತ ಯಾರೂ ಇಲ್ಲ. ಗೆಳೆಯರು ಬದುಕಲಿ ಅಂತ ಕಾಲದ ಎಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬನೇ ಕೂರುತ್ತಾನೆ. ನಾನು ಅತ್ತುಬಿಟ್ಟೆ. ಇವರಿಗೆ ಹೀಗೆ ಮುಗಿಸಲು ಬರುತ್ತದೆ ತಮ್ಮ. ಅದಕ್ಕೇ ಆ ಬೆಳಕಿನ ಉಂಡೆ ನೋಡಿದಾಗ ಸಿಟ್ಟು ಬರುವುದು.

ಶಿರಸಿ ಅಪ್ಪಚ್ಚಿ: ಅದು ಎಷ್ಟು ಕಂತು ತಂಗೀ?

ನಾನು: ಎರಡೂ ಸೀಸನ್ ಸೇರಿ 12.

ಶಿರಸಿ ಅಪ್ಪಚ್ಚಿ: ಮುಂದಿನ ವಾರ ಕೊನೆಕೊಯ್ಲು ಶುರು. ರಾತ್ರಿ ಅಡಿಕೆ ಸುಲಿಯುವಾಗ ಟಿವಿಯಲ್ಲಿ ಹಾಕಿಕೊಡು. ಮೊದಲ ಕಂತಿನಿಂದ.