ಅಪ್‌ಡೇಟ್: ರಾಜೀನಾಮೆಗೆ ಸಹಿ ಹಾಕಲಿಲ್ಲ
ಹೋದ ತಿಂಗಳು ಕೇಳಿದ್ದೆ: ಲೇಆಫ್ ಇಲ್ಲವೇ ಇಲ್ಲ ಅಂತ ಎಲ್ಲರ ಮುಂದೆ ಹೇಳಿದ ಕಂಪನಿ, 3 ವಾರದಲ್ಲೇ ಕರೆದು 'ನೀವಾಗಿಯೇ ರಾಜೀನಾಮೆ ಕೊಡಿ' ಅನ್ನುತ್ತಿದೆ, ಸಹಿ ಹಾಕಲೋ ಬೇಡವೋ ಅಂತ.

ಹಾಕಲಿಲ್ಲ. ನಾವಾಗಿಯೇ ಬಿಟ್ಟಂತೆ ಬರೆದುಕೊಟ್ಟರೆ ಪರಿಹಾರ ಕೇಳುವ ದಾರಿಯೇ ಮುಚ್ಚಿಹೋಗಬಹುದು ಎಂದು ನೀವು ಎಚ್ಚರಿಸಿದ್ದು ಸರಿಯಾಗಿತ್ತು. ಆಫರ್ ಲೆಟರ್ ಹುಡುಕಿ ತೆಗೆದೆ, ನೋಟಿಸ್ ಅವಧಿ 2 ತಿಂಗಳು. 'ಕಾರಣವನ್ನು ಬರವಣಿಗೆಯಲ್ಲಿ ಕೊಡಿ' ಎಂದು ಎಚ್‌ಆರ್‌ಗೆ ಮೇಲ್ ಹಾಕಿದೆ. 4 ದಿನ ಸದ್ದಿಲ್ಲ. ಆಮೇಲೆ ಟರ್ಮಿನೇಷನ್ ಲೆಟರ್ ಬಂತು, ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ ಎರಡೂ ಅದರಲ್ಲಿದ್ದವು.

ಆದರೆ ಕಂಪನಿಯ ಆ ಕೊನೆಯ ಆನ್‌ಲೈನ್ ಮೀಟಿಂಗ್ ಮನಸ್ಸಿನಿಂದ ಹೋಗುತ್ತಿಲ್ಲ. ಸಿಇಒ 11 ನಿಮಿಷ ಬರೆದಿಟ್ಟದ್ದನ್ನು ಓದಿದರು. ಚಾಟ್ ಬಂದ್, ಎಲ್ಲರ ಮೈಕೂ ಬಂದ್. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಕೈ ಎತ್ತಿದ ಗುರುತು ಕೊನೆಯವರೆಗೂ ಸ್ಕ್ರೀನ್ ಮೇಲೆ ಹಾಗೇ ಇತ್ತು. ಒಂದು ಪ್ರಶ್ನೆ ಕೇಳಿಸಿಕೊಳ್ಳುವಷ್ಟು ಮರ್ಯಾದೆಯೂ ಬೇಡವೇ? ಮಧ್ಯಾಹ್ನದ ಹೊತ್ತಿಗೆ ಅವರ ಲಾಗಿನ್ ಕೂಡ ಹೋಗಿತ್ತು.

ಆ ಹಿರಿಯರು ಹೆದರಿ ಮೊದಲ ದಿನವೇ ರಾಜೀನಾಮೆಗೆ ಸಹಿ ಹಾಕಿಬಿಟ್ಟಿದ್ದಾರೆ. ಒತ್ತಾಯ ಮಾಡಿದ ಮೆಸೇಜ್‌ಗಳು ಅವರ ಫೋನಿನಲ್ಲಿ ಇನ್ನೂ ಇವೆ. ಎಲ್ಲವನ್ನೂ ಪ್ರಿಂಟ್ ತೆಗೆದಿದ್ದೇವೆ, ನಾಳೆ ಅವರ ಜೊತೆ ವಕೀಲರ ಹತ್ತಿರ ನಾನೂ ಹೋಗುತ್ತಿದ್ದೇನೆ.