ಟೇಲರ್ ಸಾಹೇಬನ ಆತ್ಮಕಥೆ ನಂಬಬೇಕಾ, ಕಾದಂಬರಿ ನಂಬಬೇಕಾ?

ಗುಡ್ಡ ಹತ್ತಿದವನು:
ಹೋದ ತಿಂಗಳು ಸುರಪುರಕ್ಕೆ ಹೋಗಿ ಟೇಲರ್ ಮಂಜಿಲ್, ಅಂದರೆ ಗುಡ್ಡದ ಮೇಲಿರುವ ಟೇಲರ್ ಸಾಹೇಬನ ಬಂಗಲೆ, ನೋಡಿಕೊಂಡು ಬಂದೆ. ಬಂದವನೇ ಆ ಮೆಡೋಸ್ ಟೇಲರನ ಆತ್ಮಕಥೆ ಹಿಡಿದು ಕೂತೆ. ಇಂಗ್ಲಿಷ್ ಅಧಿಕಾರಿ, ಕಾದಂಬರಿಕಾರನೂ ಹೌದು. 1824ರಲ್ಲಿ, 15 ವರ್ಷದ ಹುಡುಗ, ಮುಂಬೈಗೆ ಹಡಗಿನಲ್ಲಿ ಬಂದಿಳಿಯುತ್ತಾನೆ, ಸೇರಬೇಕಿದ್ದ ವ್ಯಾಪಾರಿಯ ಕಥೆ ಆಗಲೇ ಮುಳುಗುತ್ತಿರುತ್ತದೆ, ಸರಿ ಅಂತ ನಿಜಾಮನ ಸೈನ್ಯ ಸೇರುತ್ತಾನೆ, ಆಮೇಲೆ 1841ರಿಂದ 1853ರವರೆಗೆ ನಮ್ಮ ಸುರಪುರದ ಆಡಳಿತ ಅವನ ಕೈಯಲ್ಲಿ. ಕೆರೆ, ಗುಡ್ಡ, ಬೇಡರು, ಕುದುರೆ ಸವಾರಿ, ಎಲ್ಲ ಸೊಗಸಾಗಿದೆ. ಆದರೆ ಎಳೆಯ ರಾಜನ ತಾಯಿ ರಾಣಿ ಈಶ್ವರಮ್ಮ ಬಂದಲ್ಲೆಲ್ಲ ಆಕೆಯನ್ನು ಬೈದದ್ದೇ ಬೈದದ್ದು. ಇದೇ ಮನುಷ್ಯ ಕಾದಂಬರಿಗಳಲ್ಲಿ ಇಲ್ಲಿನ ಹೆಂಗಸರನ್ನು ಎಷ್ಟು ಮರ್ಯಾದೆಯಿಂದ ಬರೆದಿದ್ದಾನೆ ಗೊತ್ತಾ. ಹಾಗಾದರೆ ಯಾವುದನ್ನು ನಂಬಬೇಕು?

ಬೋನಾಳದ ಕೊಕ್ಕರೆ:
ನಮ್ಮದು ಅದೇ ಸೀಮೆ, ಅದಕ್ಕೇ ಸುಮ್ನೆ ಇರಲಾಗಲಿಲ್ಲ. ಈಶ್ವರಮ್ಮನ ಕೈಯಿಂದ ಅಧಿಕಾರ ತೆಗೆದುಕೊಂಡವನು ಇವನೇ, ಆಕೆ ಎಂಥವಳು ಅಂತ ಬರೆದವನೂ ಇವನೇ. ಇನ್ನೇನು ಬರೆದಾನು ಹೇಳಿ!

ನನಗೆ ಕಾಡಿದ್ದು ಈಶ್ವರಮ್ಮನ ಮಗ ರಾಜಾ ವೆಂಕಟಪ್ಪ ನಾಯಕನ ಭಾಗ. ಚಿಕ್ಕಂದಿನಿಂದ ಟೇಲರನ ಕಣ್ಣೆದುರೇ ಬೆಳೆದವನು. 1858ರಲ್ಲಿ ಬಂಡೆದ್ದು, ಸೋತು, ಹೈದರಾಬಾದಿನಲ್ಲಿ ಸಿಕ್ಕಿಬೀಳುತ್ತಾನೆ. ಸೆರೆಯಲ್ಲಿ ನೋಡಲು ಹೋದ ಟೇಲರನನ್ನು 'ಅಪ್ಪಾ' ಅಂತ ಕರೆದು ಹಿಡಿದುಕೊಳ್ಳುತ್ತಾನೆ. ಕಣ್ಣು ಒದ್ದೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಗಲ್ಲು ತಪ್ಪಿ ಸೆರೆವಾಸ ಅಂತಾಗುತ್ತದೆ, ಅಲ್ಲಿಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ಸಾಯುತ್ತಾನೆ. ಈ ಹುಡುಗ 24ನೇ ವರ್ಷದಲ್ಲಿ ಸಾಯುತ್ತಾನೆ ಅಂತ ಜೋಯಿಸರು ಯಾವಾಗಲೋ ಹೇಳಿದ್ದರು ಅಂತಲೂ ಟೇಲರ್ ಬರೆದಿದ್ದಾನೆ. ಮೊದಲು ಭವಿಷ್ಯ, ಕೊನೆಗೆ ಗುಂಡು. ಅದು ಕಾದಂಬರಿ ಬರೆದು ಪಳಗಿದ ಕೈ, ಅಲ್ವಾ? ನಮ್ಮ ಕಡೆ ನಾಯಕ ಅಂದ್ರೆ ಬ್ರಿಟಿಷರ ಮೇಲೆ ತಿರುಗಿಬಿದ್ದ ರಾಜ. ಆ ಪುಸ್ತಕದಲ್ಲಿ ಮಾತ್ರ ಕೆಟ್ಟ ಸಹವಾಸದಿಂದ ಹಾಳಾದ ಹುಡುಗ.

ಹಳೆ ಪುಸ್ತಕದ ಹುಳ:
ನಾನು ಕಾದಂಬರಿ ಕಡೆ. 1872ರ 'ಸೀತಾ' ಓದಿ. 1857ರ ದಂಗೆಯ ಹೊತ್ತು, ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ಇಟ್ಟುಕೊಳ್ಳುವುದಲ್ಲ, ಮದುವೆ! ದಂಗೆ ನಡೆದು 15 ವರ್ಷ ಕಳೆದಿತ್ತು ಅಷ್ಟೆ, ಇಂಗ್ಲೆಂಡಿನ ಓದುಗರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಟೇಲರನ ಹೆಂಡತಿ ಮೇರಿ ಹೈದರಾಬಾದಿನ ವಿಲಿಯಂ ಪಾಮರನ ಮಗಳು, ಆ ಪಾಮರನ ತಾಯಿ ಇಲ್ಲಿನ ಮುಸ್ಲಿಂ ಬೇಗಂ. ಅಂದರೆ ಎರಡು ಕುಲ ಬೆರೆಯುವುದು ಅವನಿಗೆ ಬರೀ ಕಥೆ ಅಲ್ಲ, ಮನೆ ವಿಷಯ. ಅವನ ಇನ್ನೊಂದು ಕಾದಂಬರಿ 'ತಾರಾ'ದಲ್ಲೂ ಅಷ್ಟೇ, ಪ್ರೀತಿ ಹುಟ್ಟುವುದು ತುಳಜಾಪುರದ ಬ್ರಾಹ್ಮಣರ ಹುಡುಗಿಗೂ ಬಿಜಾಪುರದ ಅಫ್ಜಲ್ ಖಾನನ ಮಗನಿಗೂ.

ಆದರೆ ಸೀತಾಳನ್ನು ಕೊನೆಗೆ ಏನು ಮಾಡಿದ? ಗಂಡನನ್ನು ಉಳಿಸಲು ಹೋಗಿ ಅವಳು ಸಾಯುತ್ತಾಳೆ, ಗಂಡ ಇಂಗ್ಲಿಷ್ ಹುಡುಗಿಯನ್ನು ಮದುವೆಯಾಗುತ್ತಾನೆ. ಅಷ್ಟು ದೂರ ಬಂದು ಹೆದರಿಬಿಟ್ಟ. ನನಗೆ ಆ ಹೆದರಿಕೆಯೇ ಜಾಸ್ತಿ ನಿಜ ಅನ್ನಿಸಿತು. ಇನ್ನು ಆತ್ಮಕಥೆ ಹೊರಬಂದದ್ದು 1877ರಲ್ಲಿ, ಅವನು ತೀರಿಕೊಂಡ ಮೇಲೆ, ಮಗಳು ತಿದ್ದಿ ಕೊಟ್ಟದ್ದು. ಅಪ್ಪನ ಬಗ್ಗೆ ಮಗಳು ಏನು ಬಿಡುತ್ತಾಳೆ, ಏನು ಇಡುತ್ತಾಳೆ, ನೀವೇ ಯೋಚಿಸಿ.

ಮಳೆ ಬಿಲ್ಲು 2:
ಹುಳ ಅವರೇ, ಒಪ್ಪಲ್ಲ. ಅವನಿಗೆ ಹೆಸರು ತಂದದ್ದು 1839ರ ಥಗ್ ಕಾದಂಬರಿ, ದಾರಿಹೋಕರ ಕುತ್ತಿಗೆಗೆ ಬಟ್ಟೆ ಬಿಗಿದು ಕೊಂದು ದೋಚುತ್ತಿದ್ದವರ ಕಥೆ, ಅದನ್ನು ಮರೆತಿರಾ? ಅಮೀರ್ ಅಲಿ ಅನ್ನುವ ಖೈದಿ ತಾನು ಮಾಡಿದ ಕೊಲೆಗಳನ್ನೆಲ್ಲ ಸಾಹೇಬನಿಗೆ ಒಂದೊಂದಾಗಿ ಹೇಳುತ್ತಾನೆ. ಎದುರಿಗೆ ಸಾಹೇಬ ಕೂತಿರುವಾಗ, ಹೇಳಿದ್ದರ ಮೇಲೆ ಪ್ರಾಣ ನಿಂತಿರುವಾಗ, ಯಾರು ತಾನೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ? ಆದರೂ ಇಂಗ್ಲೆಂಡಿನ ಜನ ಅದನ್ನು ಕಥೆ ಅಂತ ಓದಲಿಲ್ಲ, ಇಂಡಿಯಾ ಅಂದ್ರೆ ಹೀಗೇ ಅಂತ ಓದಿದರು. ನಮ್ಮಲ್ಲಿ ಠಕ್ಕ ಅಂದರೆ ಮೋಸಗಾರ, ಅಷ್ಟೆ. ಪಕ್ಕದ ಮನೆಯವನಿಗೂ ಅಂದುಬಿಡುತ್ತೇವೆ. ಅದೇ ಪದ ಸಮುದ್ರ ದಾಟಿದ ಮೇಲೆ ಕೈಯಲ್ಲಿ ಕರ್ಚೀಫು ಹಿಡಿದ ಕೊಲೆಗಾರ ಆಯಿತು.

ಬೋನಾಳದ ಕೊಕ್ಕರೆ:
ಕರ್ಚೀಫು 😄 ಅದು ರುಮಾಲು ಮಾರಾಯರೇ.

ಗುಡ್ಡ ಹತ್ತಿದವನು:
ಎಲ್ಲರಿಗೂ ಥ್ಯಾಂಕ್ಸ್. ನಾನು ಮಾಡಿದ ತಪ್ಪು ಈಗ ಗೊತ್ತಾಯಿತು. ಅವತ್ತು ನೇರ ಬಂಗಲೆಗೆ ಹೋಗಿ, ಅವನು ನಿಂತು ನೋಡಿದ ಜಾಗದಿಂದಲೇ ಊರು ನೋಡಿ, ಫೋಟೋ ತೆಗೆದು ಬಂದುಬಿಟ್ಟೆ. ಅರಮನೆ ಕಡೆ ಕಾಲೇ ಇಡಲಿಲ್ಲ. 'ಸೀತಾ' ಶುರು ಮಾಡುತ್ತೇನೆ, ಕೊನೆ ಹೇಳಿಬಿಟ್ಟಿದ್ದೀರಿ, ಇರಲಿ. ಕೊಕ್ಕರೆ ಅವರೇ, ನಿಮ್ಮ ಕಡೆ ನಾಯಕನ ಮೇಲೆ ಹಾಡೋ, ಲಾವಣಿಯೋ ಗೊತ್ತಿರುವ ಹಿರಿಯರು ಇದ್ದಾರಾ? ಮುಂದಿನ ಸಲ ಬರುವಾಗ ಅವರನ್ನು ಕಂಡು ಬರೋಣ ಅಂತ.