ಕಾರುಗಳಿಗೋಸ್ಕರವೇ ಜಪಾನ್ ಪ್ರವಾಸ: ಹತ್ತು ದಿನದಲ್ಲಿ ಏನು ನೋಡಲಿ, ಏನು ಬಿಡಲಿ?

ಸಿಟಿವಿಟೆಕ್2002:

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ. ಅಪ್ಪ 2002ರಲ್ಲಿ ತೆಗೆದುಕೊಂಡ ಹೋಂಡಾ ಸಿಟಿ 1.5 ವಿಟೆಕ್ ಇವತ್ತಿಗೂ ನನ್ನ ಹತ್ತಿರ ಇದೆ. ಆ ಇಂಜಿನ್ ಸದ್ದು ಕೇಳಿಕೊಂಡೇ ಬೆಳೆದವನು ನಾನು. ಜಪಾನಿನ ಕಾರುಗಳ ಹುಚ್ಚು ಹಿಡಿದದ್ದೂ ಅಲ್ಲಿಂದಲೇ. ಸ್ಕೈಲೈನ್, ಆರ್‌ಎಕ್ಸ್-7, ಸುಪ್ರಾ, ಎನ್‌ಎಸ್‌ಎಕ್ಸ್ ಎಲ್ಲವನ್ನೂ ಬರೀ ವಿಡಿಯೋದಲ್ಲಿ ನೋಡಿದ್ದೇ ಆಯಿತು. ನಿಸ್ಸಾನ್ ನಮ್ಮಲ್ಲಿ ಮಾರಿದ ಜಿಟಿ-ಆರ್ ಅಂದರೆ 2016ರಲ್ಲಿ ಬಂದ ಆರ್35 ಒಂದೇ, ಅದೂ ಎರಡು ಕೋಟಿಯ ಹತ್ತಿರ. ಅದರ ಹಿಂದಿನ ತಲೆಮಾರಿನ ಸ್ಕೈಲೈನ್ ಜಿಟಿ-ಆರ್‌ಗಳಾದ ಆರ್32, ಆರ್34 ತರಿಸೋಣ ಅಂದರೆ ಅಷ್ಟು ಹಳೇ ಕಾರಿಗೆ ನಮ್ಮ ಆಮದು ನಿಯಮ ದಾರಿ ಬಿಡುವುದಿಲ್ಲ. ಹಾಗಾಗಿ ನಾನೇ ಹೋಗಿ ನೋಡಿಕೊಂಡು ಬರೋಣ ಅಂತ ಐದು ವರ್ಷದಿಂದ ದುಡ್ಡು ಕೂಡಿಸಿದ್ದೇನೆ.

ಈಗ ಬರೆದಿಟ್ಟುಕೊಂಡಿರುವುದು ಇಷ್ಟು: ಯೊಕೊಹಾಮಾದ ದೈಕೊಕು ಪಾರ್ಕಿಂಗ್ ಏರಿಯಾ, ನಿಸ್ಸಾನ್ ತನ್ನ ಹಳೇ ಕಾರುಗಳನ್ನು ಇಟ್ಟಿರುವ ಝಾಮಾ, ಗುನ್ಮಾದ ಹರುನಾ ಘಾಟಿ, ಸುಜುಕಾ ಟ್ರ್ಯಾಕ್, ಮೊಟೆಗಿಯಲ್ಲಿರುವ ಹೋಂಡಾ ಮ್ಯೂಸಿಯಂ, ಹಿರೋಷಿಮಾದ ಮಜ್ದಾ ಮ್ಯೂಸಿಯಂ. ಜನವರಿಯಲ್ಲಿ ಹೋದರೆ ಟೋಕಿಯೊ ಆಟೋ ಸಲೂನ್ ಅನ್ನುವ ಕಾರು ಪ್ರದರ್ಶನ ಸಿಗುತ್ತದೆ. ನವೆಂಬರ್ ಆದರೆ ಹವಾ ಚೆನ್ನಾಗಿರುತ್ತದೆ ಅಂತಾರೆ. ಯಾವುದು ಒಳ್ಳೆಯದು? ನಮ್ಮ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ ಓಡಿಸಬಹುದಾ? ಜೊತೆಗೆ ಹೆಂಡತಿ ಬರುತ್ತಿದ್ದಾಳೆ. ಅವಳಿಗೆ ಕಾರಿನಲ್ಲಿ ಅಷ್ಟೇನೂ ಆಸಕ್ತಿ ಇಲ್ಲ, ಸಸ್ಯಾಹಾರಿ ಬೇರೆ. ಹತ್ತು ದಿನವೂ ಅವಳನ್ನು ಪಾರ್ಕಿಂಗ್ ಜಾಗದಲ್ಲೇ ನಿಲ್ಲಿಸಲು ಮನಸ್ಸಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಬೇಬ್ರಿಜ್ ಕನ್ನಡಿಗ:

ನಾನು ಆರು ವರ್ಷದಿಂದ ಯೊಕೊಹಾಮಾದಲ್ಲಿದ್ದೇನೆ, ಊರು ಸಾಗರ. ನಿಮ್ಮ ಪಟ್ಟಿಯಲ್ಲಿರುವುದು ಹತ್ತು ದಿನದ ಕೆಲಸ ಅಲ್ಲ. ಮೊಟೆಗಿ ಟೋಕಿಯೊದ ಉತ್ತರಕ್ಕೆ, ಸುಜುಕಾ ನಗೋಯಾದ ಆಚೆ, ಹಿರೋಷಿಮಾ ಇನ್ನೂ ದೂರ. ಅರ್ಧ ದಿನ ರೈಲಿನಲ್ಲೇ ಕಳೆದುಹೋಗುತ್ತದೆ. ಯೊಕೊಹಾಮಾದಲ್ಲಿ ಐದು ರಾತ್ರಿ ಉಳಿದುಕೊಳ್ಳಿ, ಅಲ್ಲಿಂದ ಸುತ್ತಮುತ್ತ ನೋಡಿ. ಇದು ನನ್ನ ಮೊದಲ ಮಾತು.

ದೈಕೊಕು ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಬರುವವರಲ್ಲಿ ಅರ್ಧ ಜನ ಅದನ್ನು ತಪ್ಪು ತಿಳಿದುಕೊಂಡಿರುತ್ತಾರೆ. ಅದು ಮೇಳ ಅಲ್ಲ, ಪ್ರದರ್ಶನವೂ ಅಲ್ಲ. ಶುತೊ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವವರು ಕಾರು ನಿಲ್ಲಿಸಿ ಕಾಫಿ ಕುಡಿಯುವ, ಶೌಚಾಲಯಕ್ಕೆ ಹೋಗುವ ಜಾಗ. ನಡೆದುಕೊಂಡು ಹೋಗಲು ದಾರಿಯೇ ಇಲ್ಲ. ಹೆದ್ದಾರಿಯಿಂದ ಸುರುಳಿ ಸುತ್ತಿದ ರ‍್ಯಾಂಪ್ ಇಳಿದೇ ಬರಬೇಕು. ಟ್ಯಾಕ್ಸಿಯಲ್ಲಿ ಬಂದು ಇಳಿದುಬಿಟ್ಟರೆ ವಾಪಸ್ ಹೋಗಲು ಇನ್ನೊಂದು ಟ್ಯಾಕ್ಸಿ ಸಿಗುವುದು ಕಷ್ಟ, ಬಂದದ್ದನ್ನೇ ಕಾಯಿಸಬೇಕು. ದುಡ್ಡು ಕೊಟ್ಟರೆ ಸ್ಕೈಲೈನ್‌ನಲ್ಲಿ ಕೂರಿಸಿಕೊಂಡು ಹೋಗುತ್ತೇವೆ ಎನ್ನುವವರು ಆನ್‌ಲೈನ್‌ನಲ್ಲಿ ಬಹಳ ಜನ ಇದ್ದಾರೆ. ನಂಬರ್ ಪ್ಲೇಟ್ ನೋಡಿ. ಬಾಡಿಗೆಗೆ ಜನರನ್ನು ಕರೆದೊಯ್ಯಲು ಪರವಾನಗಿ ಇರುವ ಗಾಡಿಗೆ ಹಸಿರು ಪ್ಲೇಟ್ ಇರುತ್ತದೆ. ಬಿಳಿ ಪ್ಲೇಟ್ ಕಾರಿನಲ್ಲಿ ಆ ದಂಧೆ ಮಾಡುವುದು ಕಾನೂನಿಗೆ ವಿರುದ್ಧ.

ಶುಕ್ರವಾರ, ಶನಿವಾರ ರಾತ್ರಿ ಜನ ಜಾಸ್ತಿಯಾದರೆ ಪೊಲೀಸರು ಮೈಕಿನಲ್ಲಿ ಹೇಳಿ ಜಾಗವನ್ನೇ ಮುಚ್ಚಿಸುತ್ತಾರೆ. ಆಸೆಯಿಂದ ಅಷ್ಟು ದೂರದಿಂದ ಬಂದು ಹತ್ತು ನಿಮಿಷಕ್ಕೆ ಹೊರಗೆ ಹೋದವರನ್ನು ನೋಡಿದ್ದೇನೆ. ಭಾನುವಾರ ಬೆಳಿಗ್ಗೆ ಬನ್ನಿ. ಹಳೇ ಕಾರುಗಳ ಮಾಲೀಕರು ಬರುವುದು ಆಗಲೇ.

ಹೋದ ಚಳಿಗಾಲ ಒಂದು ಭಾನುವಾರ ಎಂಟು ಗಂಟೆಗೆ ಹೋಗಿದ್ದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ತಮ್ಮ ಹಕೊಸುಕಾದ ಬಾನೆಟ್ ಎತ್ತಿದ್ದರು. 1970ರ ಸುಮಾರಿನ ಡಬ್ಬಿ ಆಕಾರದ ಸ್ಕೈಲೈನ್‌ಗೆ ಇಲ್ಲಿ ಹಾಗೆ ಕರೆಯುತ್ತಾರೆ. ಬಿಳಿ ಬಟ್ಟೆಯಿಂದ ಕಾರ್ಬ್ಯುರೇಟರ್ ಸುತ್ತ ಒರೆಸುತ್ತಾ ಇದ್ದರು, ಮಗುವಿನ ಕಿವಿ ಒರೆಸುವ ಹಾಗೆ. ನಾನು ಎರಡು ಮಾರು ದೂರ ನಿಂತಿದ್ದೆ. ನನ್ನನ್ನು ನೋಡಿದವರೇ ಬಟ್ಟೆ ಮಡಚಿ ಜೇಬಿಗಿಟ್ಟರು, ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಒಂದು ಮಾತೂ ಆಡಲಿಲ್ಲ. ನಾನು ಬಗ್ಗಿ ನೋಡಿ, ನಮಸ್ಕರಿಸಿ ಬಂದೆ. ಅಲ್ಲಿಯ ನಡವಳಿಕೆ ಇದೇ. ಮುಟ್ಟಬೇಡಿ, ಇಂಜಿನ್ ಜೋರು ಮಾಡಿ ಅಂತ ಕೇಳಬೇಡಿ. ಫೋಟೋ ಹಾಕುವಾಗ ನಂಬರ್ ಪ್ಲೇಟ್ ಮುಚ್ಚಿ ಹಾಕಿ, ಇಲ್ಲಿಯವರು ಅದನ್ನು ಗಮನಿಸುತ್ತಾರೆ.

ಝಾಮಾಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಸುಮಾರು 300 ಕಾರು ಇಟ್ಟಿದ್ದಾರೆ. ಗ್ರೂಪ್ ಎ ಅನ್ನುವ ರೇಸ್ ವರ್ಗದ ಕಾಲದ ಆರ್32 ನೋಡುವಾಗ ಒಂದು ವಿಷಯ ನೆನಪಿರಲಿ. 1990ರಿಂದ 1993ರ ತನಕ ಜಪಾನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 29 ರೇಸ್ ಓಡಿ, 29ನ್ನೂ ಗೆದ್ದದ್ದು ಅದೇ ಕಾರು. ಯೊಕೊಹಾಮಾ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ ನಿಸ್ಸಾನ್ ಗ್ಯಾಲರಿಯೂ ಇದೆ, ಅದು ಉಚಿತ.

ಘಾಟಿ ಸವಾರ:

ನಾವು ಹೋದ ನವೆಂಬರ್‌ನಲ್ಲಿ ಹೋಗಿ ಬಂದೆವು. ನನ್ನ ಮಾತು ಒಂದೇ: ನೋಡುವುದು ಒಂದು ಕಡೆ ಇರಲಿ, ಓಡಿಸದೇ ಬರಬೇಡಿ.

ನಮ್ಮ ಲೈಸೆನ್ಸ್ ಒಂದೇ ಸಾಲದು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು. ರಸ್ತೆ ಸಂಚಾರದ 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಟ್ಟ ಪರ್ಮಿಟ್ ಮಾತ್ರ ಜಪಾನಿನಲ್ಲಿ ನಡೆಯುತ್ತದೆ. ಭಾರತ ಆ ಒಪ್ಪಂದದಲ್ಲಿ ಇರುವುದರಿಂದ ನಮ್ಮದು ನಡೆಯುತ್ತದೆ. ಆರ್‌ಟಿಒದಲ್ಲಿ ಸಾವಿರ ರೂಪಾಯಿ ಶುಲ್ಕ, ಒಂದು ವರ್ಷ ಅವಧಿ. ನನ್ನ ಹತ್ತಿರ ವೀಸಾ ಮತ್ತು ಟಿಕೆಟ್ ಪ್ರತಿ ಕೇಳಿದರು, ಅದಕ್ಕೇ ವೀಸಾ ಮೊದಲು ಮಾಡಿಸಿಕೊಳ್ಳಿ. ಅಲ್ಲಿ ಓಡಿಸುವಾಗ ಪರ್ಮಿಟ್, ಊರಿನ ಲೈಸೆನ್ಸ್, ಪಾಸ್‌ಪೋರ್ಟ್ ಮೂರೂ ಕೈಯಲ್ಲಿರಲಿ.

ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಇಂಡಿಕೇಟರ್ ಕೂಡ ನಿಮ್ಮ ಸಿಟಿಯಲ್ಲಿ ಇರುವಂತೆ ಬಲಗೈ ಕಡೆಯೇ. ಬದಲಾಗಬೇಕಾದದ್ದು ನಮ್ಮ ಅಭ್ಯಾಸ. ಕೆಂಪು ತಲೆಕೆಳಗಾದ ತ್ರಿಕೋನ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು, ರೈಲು ಹಳಿ ದಾಟುವ ಮೊದಲೂ ಹಾಗೆಯೇ. ರಸ್ತೆ ಖಾಲಿ ಇದೆ ಅಂತ ಸುಮ್ನೆ ಉರುಳಿಸಿಕೊಂಡು ಹೋಗುವಂತಿಲ್ಲ. ಬಾಡಿಗೆ ಕಾರಿನ ಜೊತೆ ಇಟಿಸಿ ಕಾರ್ಡ್ ಕೇಳಿ ತೆಗೆದುಕೊಳ್ಳಿ, ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ. ಶುತೊ ಎಕ್ಸ್‌ಪ್ರೆಸ್‌ವೇಯ ಎಷ್ಟೋ ದ್ವಾರಗಳಲ್ಲಿ ಈಗ ನಗದು ತೆಗೆದುಕೊಳ್ಳುವುದೇ ಇಲ್ಲ.

ನಮಗೆ ಮ್ಯಾನ್ಯುವಲ್ ಗೇರಿನ ಟೊಯೋಟಾ ಜಿಆರ್86 ಎರಡು ದಿನಕ್ಕೆ ಸಿಕ್ಕಿತು. ಆರ್34, ಆರ್‌ಎಕ್ಸ್-7 ಬಾಡಿಗೆ ಕೊಡುವ ಅಂಗಡಿಗಳೂ ಇವೆ. ಆದರೆ ಏನಾದರೂ ಆದರೆ ನಾವು ಕೈಯಿಂದ ಕಟ್ಟಬೇಕಾದ ಮೊತ್ತ ಅಲ್ಲಿ ಬಹಳ ದೊಡ್ಡದು, ಸಹಿ ಹಾಕುವ ಮೊದಲು ಓದಿ. ಬೆಳಿಗ್ಗೆ ಆರಕ್ಕೇ ಎದ್ದು ಒದವಾರಾ ಕಡೆಯಿಂದ ಹಕೊನೆ ಟರ್ನ್‌ಪೈಕ್ ಹತ್ತಿದೆವು. ಟೋಲ್ ಕಟ್ಟಿ ಹೋಗುವ ಘಾಟಿ, 14 ಕಿಲೋಮೀಟರ್ ಹತ್ತಿರ. ನಮ್ಮ ಆಗುಂಬೆಯ ಹಾಗೆ ಬಿಗಿ ತಿರುವುಗಳಲ್ಲ. ಅಗಲ ರಸ್ತೆ, ಉದ್ದುದ್ದ ಬಾಗು, ಸೆಕೆಂಡ್ ಮತ್ತು ಥರ್ಡ್‌ನಲ್ಲೇ ಆಟ. ಮೇಲೆ ದೈಕನ್‌ಜಾನ್‌ನಲ್ಲಿ ನಿಲ್ಲಿಸಿದರೆ ಮೋಡ ಇಲ್ಲದ ದಿನ ಫ್ಯೂಜಿ ಎದುರಿಗೇ ಕಾಣುತ್ತದೆ, ಕೆಳಗೆ ಅಶಿ ಸರೋವರ. ನನ್ನ ಹೆಂಡತಿಗೂ ಕಾರು ಅಂದರೆ ಅಷ್ಟಕ್ಕಷ್ಟೇ, ಆದರೆ ಇಡೀ ಪ್ರವಾಸದಲ್ಲಿ ಅವಳು ಇವತ್ತಿಗೂ ನೆನೆಯುವುದು ಆ ಬೆಳಿಗ್ಗೆಯನ್ನೇ. ಸಂಜೆ ಬಿಸಿನೀರಿನ ಬುಗ್ಗೆ ಇರುವ ಹೋಟೆಲ್‌ನಲ್ಲಿ ಉಳಿದುಕೊಂಡೆವು. ನೀವೂ ಹಾಗೇ ಮಾಡಿ.

ಪೆಟ್ರೋಲ್ ಬಂಕ್‌ನಲ್ಲಿ ಬಣ್ಣ ನೋಡಿಕೊಳ್ಳಿ. ಕೆಂಪು ಸಾದಾ ಪೆಟ್ರೋಲ್, ಹಳದಿ ಹೈಆಕ್ಟೇನ್, ಹಸಿರು ಡೀಸೆಲ್. ನಮ್ಮಲ್ಲಿ ಕೆಲವರಿಗೆ ಹಸಿರು ಅಂದರೆ ಪೆಟ್ರೋಲ್ ಅನ್ನುವ ಗುಂಗು ಇರುತ್ತದೆ. ಸ್ಪೋರ್ಟ್ಸ್ ಕಾರಿಗೆ ಹಳದಿ. ‘ಹೈಒಕು, ಮಾನ್‌ತಾನ್’ ಅಂದರೆ ಹೈಆಕ್ಟೇನ್ ಟ್ಯಾಂಕ್ ತುಂಬಿಸಿ ಅಂತ ಅರ್ಥ, ಎರಡೇ ಮಾತು ಸಾಕು.

ಒಂದು ಪೆಟ್ಟು ತಿಂದ ಕಥೆಯನ್ನೂ ಹೇಳಬೇಕು. ಊಟಕ್ಕೆ ನಿಲ್ಲಿಸುವಾಗ ಎಡಗಡೆ ಚಕ್ರದ ಅಲಾಯ್ ಕಟ್ಟೆಗೆ ಉಜ್ಜಿತು, ಬೆರಳುದ್ದ ಗೀರು. ಇನ್ಶೂರೆನ್ಸ್ ಪೂರ್ತಿ ತೆಗೆದುಕೊಂಡಿದ್ದರೂ ‘ಗಾಡಿ ರಿಪೇರಿಗೆ ನಿಲ್ಲುವ ದಿನಗಳ ನಷ್ಟ’ ಅಂತ 20,000 ಯೆನ್ ಕಟ್ಟಿಸಿಕೊಂಡರು. ಅದು ಒಪ್ಪಂದದಲ್ಲೇ ಇತ್ತು, ಇಂಗ್ಲಿಷ್ ಪ್ರತಿಯಲ್ಲಿ ಕೊನೆಯ ಪುಟದಲ್ಲಿ. ಅದನ್ನೂ ಕವರ್ ಮಾಡುವ ಇನ್ನೊಂದು ಆಯ್ಕೆಗೆ ದಿನಕ್ಕೆ ಸ್ವಲ್ಪವೇ ಜಾಸ್ತಿ ಇತ್ತು, ಕೌಂಟರ್‌ನಲ್ಲಿ ಯಾರೂ ಹೇಳಲಿಲ್ಲ. ನೀವೇ ಕೇಳಿ.

ರೋಟರಿ ಮಲೆನಾಡು:

ದೂರ ಅಂತ ಹಿರೋಷಿಮಾ ಬಿಡುವುದನ್ನು ನಾನು ಒಪ್ಪುವುದಿಲ್ಲ. ಸುಜುಕಾ ಬಿಡಿ, ರೇಸ್ ಇಲ್ಲದ ದಿನ ಅಷ್ಟು ದೂರ ಹೋಗಿ ಪ್ರಯೋಜನ ಇಲ್ಲ. ಮೊಟೆಗಿಯನ್ನೂ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಆದರೆ ಹಿರೋಷಿಮಾಕ್ಕೆ ಹೋಗಿ.

ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಇಂಜಿನ್ ಹಿಡಿದುಕೊಂಡು ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್ ರೇಸ್ ಗೆದ್ದ ಒಂದೇ ಕಂಪನಿ ಮಜ್ದಾ. 1991ರಲ್ಲಿ ನಾಲ್ಕು ರೋಟರ್‌ನ 787ಬಿ, 55ನೇ ನಂಬರ್, ಕಿತ್ತಳೆ ಮತ್ತು ಹಸಿರು ಬಣ್ಣ. ಅದಕ್ಕಿಂತ ಮೊದಲು ಜಪಾನಿನ ಯಾವ ಕಂಪನಿಯೂ ಅಲ್ಲಿ ಗೆದ್ದಿರಲಿಲ್ಲ. ಆಮೇಲೆ ಟೊಯೋಟಾ ಗೆಲ್ಲಲು 2018 ಬರಬೇಕಾಯಿತು. ಕೊನೆಯಲ್ಲಿ ಓಡಿಸಿದ ಜಾನಿ ಹರ್ಬರ್ಟ್ ದೇಹದ ನೀರೆಲ್ಲ ಬತ್ತಿ, ಗೆದ್ದ ಮೇಲೆ ವೇದಿಕೆ ಹತ್ತಲೂ ಆಗಲಿಲ್ಲ. ಮ್ಯೂಸಿಯಂನಲ್ಲಿ ಆ ಕಾರಿನ ಎದುರು ನಿಂತಾಗ ನಾನು ಬಹಳ ಹೊತ್ತು ಸುಮ್ಮನಿದ್ದೆ. ಪಕ್ಕದಲ್ಲೇ ಬಿಚ್ಚಿಟ್ಟ ರೋಟರ್ ಇದೆ. ಊದಿದ ತ್ರಿಕೋನ, ಮೂರೂ ಮೂಲೆಯಲ್ಲಿ ತೆಳ್ಳನೆಯ ಸೀಲ್. ಅಷ್ಟು ಸಣ್ಣ ಪಟ್ಟಿ ಸವೆಯದ ಹಾಗೆ ಮಾಡುವುದಕ್ಕೆ ಅಲ್ಲಿಯ ಇಂಜಿನಿಯರ್‌ಗಳು 1960ರ ದಶಕದಲ್ಲಿ ವರ್ಷಗಟ್ಟಲೆ ಒದ್ದಾಡಿದ್ದರು.

ಮೊದಲೇ ಬುಕ್ ಮಾಡಬೇಕು, ವಾರದ ದಿನಗಳಲ್ಲಿ ಸುಲಭ. ಹಿರೋಷಿಮಾದಿಂದ ಎರಡನೇ ಸ್ಟೇಷನ್ ಮುಕೈನಾದಾದಲ್ಲಿ ಇಳಿಯಬೇಕು. ಟೋಕಿಯೊದಿಂದ ನೊಜೊಮಿ ಬುಲೆಟ್ ರೈಲಿನಲ್ಲಿ ಸುಮಾರು 4 ಗಂಟೆ. ಪ್ರವಾಸಿಗರಿಗೆ ಕೊಡುವ ಜೆಆರ್ ರೈಲು ಪಾಸ್ ಮೊದಲಿನ ಹಾಗೆ ಅಗ್ಗ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಹಿರೋಷಿಮಾಕ್ಕೆ ಹೋಗಿ ಬರುವುದಕ್ಕಷ್ಟೇ ಆದರೆ ಬಿಡಿ ಟಿಕೆಟ್ಟೇ ಲಾಭ. ಶಾಂತಿ ಸ್ಮಾರಕ, ಮಿಯಾಜಿಮಾ ದ್ವೀಪ ಎರಡೂ ಹತ್ತಿರ ಇರುವುದರಿಂದ ನಿಮ್ಮ ಮನೆಯವರಿಗೂ ಆ ಎರಡು ದಿನ ಚೆನ್ನಾಗಿರುತ್ತದೆ.

ಊಟಕ್ಕೆ ಟೋಕಿಯೊ ಸ್ಟೇಷನ್ ಒಳಗೇ ಟೀಸ್ ತಾನ್‌ತಾನ್ ಇದೆ, ಪೂರ್ತಿ ಸಸ್ಯಾಹಾರಿ ರಾಮೆನ್. ಹೆದ್ದಾರಿ ಹೋಟೆಲ್‌ಗಳಲ್ಲಿ ಮಾತ್ರ ಕಷ್ಟ. ತರಕಾರಿ ಸೂಪ್ ಅಂದರೂ ಮೀನಿನ ಸಾರು ಬೆರೆತಿರುತ್ತದೆ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿ.

ಸಿಟಿವಿಟೆಕ್2002:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಹೆಂಡತಿಗೂ ಓದಿ ಹೇಳಿದೆ. ಮಿಯಾಜಿಮಾ ಮತ್ತು ಬಿಸಿನೀರಿನ ಬುಗ್ಗೆ ಕೇಳಿ ಅವಳಿಗೆ ನನಗಿಂತ ಜಾಸ್ತಿ ಉತ್ಸಾಹ ಬಂದಿದೆ. ಸುಜುಕಾ, ಮೊಟೆಗಿ ಎರಡನ್ನೂ ಕೈಬಿಟ್ಟೆ. ಆದರೆ ಹರುನಾ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಅಲ್ಲಿಯ ಐದು ಹೇರ್‌ಪಿನ್ ತಿರುವುಗಳನ್ನು ‘ಇನಿಷಿಯಲ್ ಡಿ’ ಅನ್ನುವ ಜಪಾನಿ ಕಾಮಿಕ್ಸ್‌ನಲ್ಲಿ ನೋಡಿದ್ದು ಪಿಯುಸಿಯಲ್ಲಿದ್ದಾಗ. ಜನವರಿಯಲ್ಲಿ ಆಟೋ ಸಲೂನ್ ಮತ್ತು ಹರುನಾ ಎರಡೂ ಆಗುತ್ತದಾ?

ಬೇಬ್ರಿಜ್ ಕನ್ನಡಿಗ:

ಜನವರಿಯಲ್ಲಿ ಹರುನಾ ಬೇಡ. ಮೇಲಿನ ಸರೋವರವೇ ಹೆಪ್ಪುಗಟ್ಟುವ ಚಳಿ, ರಸ್ತೆಯ ಮೇಲೆ ಮಂಜುಗಡ್ಡೆ. ಚಳಿಗಾಲದ ಟೈರ್ ಇಲ್ಲದೆ ಹತ್ತಬಾರದು, ಹಿಂಚಕ್ರ ಎಳೆಯುವ ಕಾರಿನಲ್ಲಿ ಅಂತೂ ಬೇಡವೇ ಬೇಡ. ಆಟೋ ಸಲೂನ್ ಒಳ್ಳೆಯದೇ, ಮಕುಹಾರಿ ಮೆಸ್ಸೆಯಲ್ಲಿ ಮೂರು ದಿನ ನಡೆಯುತ್ತದೆ, ದೇಶದ ಟ್ಯೂನಿಂಗ್ ಅಂಗಡಿಗಳೆಲ್ಲ ಅಲ್ಲೇ ಇರುತ್ತವೆ. ಆದರೆ ಅಲ್ಲಿ ನೋಡುವುದು ನಿಂತ ಕಾರನ್ನು. ನೀವು ಬರುವುದು ಒಂದೇ ಸಲ ಆದರೆ ನವೆಂಬರ್ ಮೊದಲೆರಡು ವಾರ ಆರಿಸಿಕೊಳ್ಳಿ. ಎಲೆ ಕೆಂಪಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಹರುನಾದಲ್ಲಿ ವೇಗ ತಗ್ಗಿಸಲು ರಸ್ತೆ ಮೇಲೆ ಉಬ್ಬು ಹಾಕಿದ್ದಾರೆ, ಊರಿನವರೂ ಓಡಾಡುವ ದಾರಿ. ನಿಧಾನವಾಗಿ ಹತ್ತಿ, ಕೆಳಗೆ ಇಕಾಹೊದಲ್ಲಿ ಇನ್ನೊಂದು ಬಿಸಿನೀರಿನ ಊರು ಇದೆ.

ದೈಕೊಕುಗೆ ಭಾನುವಾರ ಬೆಳಿಗ್ಗೆ ಬರುವುದಾದರೆ ಕಾರನ್ನು ಶನಿವಾರ ಸಂಜೆಯೇ ತೆಗೆದುಕೊಳ್ಳಿ, ಬಾಡಿಗೆ ಅಂಗಡಿಗಳು ಅಷ್ಟು ಬೇಗ ಬಾಗಿಲು ತೆಗೆಯುವುದಿಲ್ಲ. ಹೋಟೆಲ್ ಬುಕ್ ಮಾಡುವಾಗ ಪಾರ್ಕಿಂಗ್ ಯಾವ ರೀತಿಯದು ಅಂತ ಕೇಳಿ. ಊರೊಳಗೆ ಬಹಳ ಕಡೆ ಲಿಫ್ಟಿನ ಗೋಪುರ ಇರುತ್ತದೆ, ತಗ್ಗು ಕಾರಿನ ಹೊಟ್ಟೆ ಅದಕ್ಕೆ ಉಜ್ಜುತ್ತದೆ ಅಂತ ಒಳಗೆ ಬಿಡುವುದಿಲ್ಲ. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಆ ಭಾನುವಾರ ನಾನೂ ಬರುತ್ತೇನೆ, ಫ್ಲಾಸ್ಕ್‌ನಲ್ಲಿ ಫಿಲ್ಟರ್ ಕಾಫಿ ತರುತ್ತೇನೆ.